ಇಇಜಿ ಲ್ಯಾಬ್: ಪರೀಕ್ಷೆಗೆ ಪೂರ್ತಿ ಮಾರ್ಕ್ಸ್, ಕೌಂಟರಿನ ಮಾತಿಗೆ ಸೊನ್ನೆ

ತಮ್ಮನಿಗೆ ಮತ್ತೊಮ್ಮೆ ಫಿಟ್ಸ್ ಬಂದಮೇಲೆ ನ್ಯೂರಾಲಜಿಸ್ಟ್ ಇಇಜಿ, ಅಂದರೆ ತಲೆಗೆ ವೈರು ಅಂಟಿಸಿ ಮೆದುಳಿನ ಕರೆಂಟು ನೋಡುವ ಪರೀಕ್ಷೆ, ಬರೆದುಕೊಟ್ಟರು. ಹಿಂದಿನ ರಾತ್ರಿ ನಿದ್ದೆ ಕಮ್ಮಿ ಮಾಡಿಸಿ, ತಲೆಗೆ ಎಣ್ಣೆ ಹಚ್ಚಬೇಡಿ, ಮಾತ್ರೆ ಮಾತ್ರ ನೀವಾಗೇ ನಿಲ್ಲಿಸಬೇಡಿ ಅಂತ ಲ್ಯಾಬಿನವರು ಮೊದಲೇ ಫೋನ್ ಮಾಡಿ ಹೇಳಿದ್ದರು. ಕೊನೆಯದನ್ನು ಒತ್ತಿ ಹೇಳಿದ್ದು ಸರಿ. ಮಾತ್ರೆ ತಪ್ಪಿಸಿ ಫಿಟ್ಸ್ ತಂದುಕೊಳ್ಳುವವರೇನು ಕಮ್ಮಿ ಇಲ್ಲ.

ಟೆಕ್ನಿಷಿಯನ್ ಹುಡುಗಿ ಕೆಲಸ ಬಲ್ಲವಳು. ಟೇಪು ಹಿಡಿದು ತಲೆ ಅಳೆದು, ಪೆನ್ಸಿಲಿನಲ್ಲಿ ಗುರುತು ಹಾಕಿ, ಕೂದಲು ಬಿಡಿಸಿ ಒಂದೊಂದು ಜಾಗವನ್ನೂ ಉಜ್ಜಿ, ಪೇಸ್ಟ್ ಹಚ್ಚಿ ವೈರು ಅಂಟಿಸಿದಳು. ಆಮೇಲೆ 3 ನಿಮಿಷ ಜೋರಾಗಿ ಉಸಿರಾಡಿಸಿದಳು. ಮುಖದೆದುರು ಲೈಟನ್ನು ಮಿಣಿಮಿಣಿ ಮಾಡಿದಳು. ಲೈಟಿಗೆ ಫಿಟ್ಸ್ ಬರುವವರು ಮೂರ್ಛೆ ರೋಗಿಗಳಲ್ಲಿ ನೂರಕ್ಕೆ ಸುಮಾರು 3 ಜನ ಮಾತ್ರ ಅಂತ ಗೊತ್ತಾದಮೇಲೆ ನಮ್ಮಮ್ಮ ಅವನ ಮೊಬೈಲನ್ನು ಶಪಿಸುವುದು ಕಮ್ಮಿ ಮಾಡಿದ್ದಾರೆ.

ಸಿಟ್ಟು ಬಂದದ್ದು ಕೌಂಟರಿನಲ್ಲಿ. ರಿಪೋರ್ಟಿನಲ್ಲಿ ‘ನಾರ್ಮಲ್’ ಅಂತಿತ್ತು. ಕೊಟ್ಟವರು, "ಏನೂ ಇಲ್ಲಮ್ಮ, ಮಾತ್ರೆನೂ ಬೇಕಾಗಲ್ಲ" ಅಂದುಬಿಟ್ಟರು. ಇದನ್ನು ಹೇಳೋಕೆ ಅವರು ಯಾರು? ಇಇಜಿ ಹೇಳುವುದು ವೈರು ಅಂಟಿಸಿದ್ದಷ್ಟು ಹೊತ್ತು ಮೆದುಳಿನ ಕರೆಂಟು ಹೇಗಿತ್ತು ಅಂತ, ಅಷ್ಟೇ. ಕಾಯಿಲೆ ಇದ್ದವರಿಗೂ ಮೊದಲ ಸಲ ಎಷ್ಟೋ ಬಾರಿ ನಾರ್ಮಲ್ಲೇ ಬರುತ್ತೆ. ಕಾರಣವಂತೂ ಅದರಲ್ಲಿ ಸಿಗುವುದು ಅಪರೂಪ. ತಲೆಗೆ ಬಿದ್ದ ಹಳೇ ಪೆಟ್ಟು, ಸ್ಟ್ರೋಕಿನ ಕಲೆ, ಗಡ್ಡೆ, ಲಾಡಿಹುಳದ ಗುಳ್ಳೆ ಇವನ್ನು ಹುಡುಕೋಕೆ ಎಂಆರ್‌ಐ ಬೇಕು. ಸಕ್ಕರೆ ಅಥವಾ ಸೋಡಿಯಂ ವಿಪರೀತ ಇಳಿದು ಬಂದ ಫಿಟ್ಸಾದರೆ ರಕ್ತಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೆ, ಅದನ್ನು ಮೂರ್ಛೆ ರೋಗ ಅಂತ ಲೆಕ್ಕ ಹಿಡಿಯೋದೂ ಇಲ್ಲ. ಕೆಲವರಿಗೆ ವಂಶವಾಹಿಯಲ್ಲೇ ಇರುತ್ತೆ. ಇಷ್ಟೆಲ್ಲ ಜಾಲಾಡಿದರೂ ಪ್ರಪಂಚದಲ್ಲಿ ಸುಮಾರು ಅರ್ಧದಷ್ಟು ರೋಗಿಗಳಿಗೆ ಕಾರಣ ಸಿಗುವುದಿಲ್ಲ.

ನಮ್ಮ ಡಾಕ್ಟರು ರಿಪೋರ್ಟನ್ನು ಪಕ್ಕಕ್ಕಿಟ್ಟು ನಾನು ಮೊಬೈಲಿನಲ್ಲಿ ಹಿಡಿದಿದ್ದ ವಿಡಿಯೊ ಕೇಳಿದರು. ಕತ್ತು ಮೊದಲು ಯಾವ ಕಡೆ ತಿರುಗಿತು, ಯಾವ ಕೈ ಸೆಟೆಯಿತು ಅಂತ ಹಿಂದೆ ಮುಂದೆ ಓಡಿಸಿ ನೋಡಿದರು. ಹುಟ್ಟುವಾಗ ತೊಂದರೆಯಾಗಿತ್ತಾ, ಮಗುವಾಗಿದ್ದಾಗ ಜ್ವರದಲ್ಲಿ ಫಿಟ್ಸ್ ಬಂದಿತ್ತಾ ಅಂತ ಅಮ್ಮನನ್ನು ವಿಚಾರಿಸಿದರು. ಫಿಟ್ಸ್ ತರಿಸುವಂಥ ತಕ್ಷಣದ ಕಾರಣ ಏನೂ ಇಲ್ಲದೆ, 24 ಗಂಟೆಗಿಂತ ಹೆಚ್ಚಿನ ಅಂತರದಲ್ಲಿ ಎರಡು ಸಲ ಬಂದಿರುವುದರಿಂದ ಮಾತ್ರೆ ಮುಂದುವರಿಯಲಿ ಅಂದರು.

ಲ್ಯಾಬಿಗೆ 5ಕ್ಕೆ 3 ಸ್ಟಾರ್, ಮೂರೂ ಆ ಹುಡುಗಿಗೆ. ಹೋಗುವವರು ಪೂರ್ತಿ ರೆಕಾರ್ಡಿಂಗನ್ನೂ ಕೇಳಿ ತಗೊಳ್ಳಿ, ಅವರಾಗಿ ಕೊಡುವುದಿಲ್ಲ.