ಸಂಗಾತಿ ವೀಸಾಕ್ಕೆ ನಿಮ್ಮ ಮದುವೆಯ ಕಥೆಯನ್ನು ಏಜೆಂಟರ ಕೈಲಿ ಬರೆಸಬೇಡಿ

ಊರಿಗೆ ಹೋಗಿ ಮದುವೆಯಾಗಿ, ಗಂಡನನ್ನೋ ಹೆಂಡತಿಯನ್ನೋ ಕೆನಡಾಕ್ಕೆ ಕರೆಸಿಕೊಳ್ಳಲು ಅರ್ಜಿ ಹಾಕುತ್ತಿರುವ ಕನ್ನಡದವರು ದಯವಿಟ್ಟು ಇದನ್ನು ಪೂರ್ತಿ ಓದಿ. ಬೆಂಗಳೂರಿನ ಒಬ್ಬ ಏಜೆಂಟ್ ನಮ್ಮ ಅರ್ಜಿಯಲ್ಲಿ ನಾವು ಹೇಳದೇ ಇದ್ದದ್ದನ್ನೆಲ್ಲ ಬರೆದು, ನಮ್ಮ ನಿಜವಾದ ಮದುವೆಯ ಮೇಲೇ ಅನುಮಾನ ಬರುವ ಹಾಗೆ ಮಾಡಿದ್ದಾನೆ. ದೂರು ನಡೆಯುತ್ತಿದೆ, ಅದಕ್ಕೇ ಹೆಸರು ಹಾಕುತ್ತಿಲ್ಲ. ಆದರೆ ಮೋಸ ಹೇಗೆ ನಡೆಯಿತು ಅನ್ನುವುದನ್ನು ಮುಚ್ಚಿಡುವುದಿಲ್ಲ.

ನಾನು ಕೆನಡಾದ ಮಿಸ್ಸಿಸಾಗಾದಲ್ಲಿದ್ದೇನೆ, ಪಿಆರ್ (ಕಾಯಂ ಆಗಿ ನೆಲೆಸುವ ಅನುಮತಿ) ಇದೆ. ನನ್ನವರು ಶಿವಮೊಗ್ಗದಲ್ಲಿದ್ದಾರೆ. ನಮ್ಮದು ಮಂತ್ರ ಮಾಂಗಲ್ಯದ ಮದುವೆ. ಸಾಗರದ ಹತ್ತಿರ ಅವರ ಮನೆಯ ಅಂಗಳದಲ್ಲೇ ಚಪ್ಪರ ಹಾಕಿದ್ದರು. ಪುರೋಹಿತರಿಲ್ಲ, ಹೋಮವಿಲ್ಲ, ವಾಲಗವಿಲ್ಲ, ವರದಕ್ಷಿಣೆಯ ಮಾತೇ ಇಲ್ಲ. ಹಿರಿಯರ ಎದುರು ಪ್ರಮಾಣ ಓದಿದೆವು, ಹಾರ ಹಾಕಿಕೊಂಡೆವು, ಬಂದವರಿಗೆ ಊಟ ಹಾಕಿದೆವು. ಆಮೇಲೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಿದೆವು. ಇಂಥ ಮದುವೆ ಮಲೆನಾಡಿನವರಿಗೆ ಹೊಸದಲ್ಲ. ನಾವಿಬ್ಬರೂ ಬೇಕು ಅಂತಲೇ ಹೀಗೆ ಮದುವೆಯಾದವರು.

ಏಜೆಂಟ್ ಮೊದಲ ಫೋನಿನಲ್ಲೇ ಹೇಳಿದ ಮಾತು ಇದು: "ಮೇಡಂ, ಫೋಟೋ ನೋಡಿದೆ. ಇದನ್ನ ಮದುವೆ ಅಂತ ಯಾವ ಆಫೀಸರ್ ಒಪ್ತಾನೆ? ಅಂಗಳದಲ್ಲಿ ನಾಲ್ಕು ಜನ ನಿಂತಿದ್ದೀರಿ ಅಷ್ಟೇ. ಚಿಂತೆ ಬಿಡಿ, ಫೈಲ್ ನಾವು ಸ್ಟ್ರಾಂಗ್ ಮಾಡ್ತೀವಿ."

ಆ ಹೆದರಿಕೆಯೇ ಅವರ ಬಂಡವಾಳ. ಯಾಕೆಂದರೆ ಹೆದರುವುದಕ್ಕೆ ಕಾರಣ ಇದ್ದೇ ಇದೆ. ಕೆನಡಾದ ವಲಸೆ ನಿಯಮ 4(1)ರಲ್ಲಿ ಎರಡು ಮಾತಿದೆ. ಮದುವೆ ನಿಜವಾದದ್ದಲ್ಲ ಅನಿಸಿದರೂ ತಿರಸ್ಕರಿಸಬಹುದು, ಮುಖ್ಯವಾಗಿ ವಲಸೆಯ ಅನುಕೂಲಕ್ಕೇ ಮದುವೆಯಾದರು ಅನಿಸಿದರೂ ತಿರಸ್ಕರಿಸಬಹುದು. 2010ಕ್ಕೆ ಮುಂಚೆ ಎರಡೂ ಸೇರಿದರೆ ಮಾತ್ರ ತೊಂದರೆ ಇತ್ತು. ಆ ವರ್ಷದ ಸೆಪ್ಟೆಂಬರ್ 30ರಿಂದ ಎರಡರಲ್ಲಿ ಒಂದಿದ್ದರೂ ಸಾಕು. ನಾವು ಒಟ್ಟಿಗೆ ಬದುಕಿದ ದಿನಗಳು ಕಡಿಮೆ, ಒಬ್ಬರು ಅಲ್ಲಿ ಒಬ್ಬರು ಇಲ್ಲಿ. ಹೀಗಿರುವಾಗ ಕಾಗದಪತ್ರ ಸರಿಯಾಗಿರಬೇಕು ಅಂತ ಯಾರಿಗಾದರೂ ಅನಿಸುತ್ತದೆ ಅಲ್ವಾ?

ಐಎಂಎಂ 5532 ಅಂತ ಒಂದು ಫಾರಂ ಇದೆ. ಅರ್ಜಿ ಹಾಕಿದವರಿಗೆಲ್ಲ ಗೊತ್ತಿರುತ್ತದೆ. ಯಾವಾಗ ಭೇಟಿಯಾದಿರಿ, ಯಾರು ಪರಿಚಯ ಮಾಡಿಸಿದರು, ಮನೆಯವರಿಗೆ ಯಾವಾಗ ತಿಳಿಯಿತು, ಮದುವೆ ಹೇಗೆ ನಡೆಯಿತು, ಯಾರು ಯಾರು ಬಂದಿದ್ದರು ಅಂತ ಎಲ್ಲವನ್ನೂ ಅದರಲ್ಲಿ ಕೇಳುತ್ತಾರೆ. ನಾನು ಕೆಲಸ ಮುಗಿಸಿ ಬಂದು ರಾತ್ರಿ ಕೂತು ಇದನ್ನೆಲ್ಲ ಬರೆದೆ. ಮಂತ್ರ ಮಾಂಗಲ್ಯ ಅಂದರೆ ಏನು, ನಮ್ಮ ಮನೆಗಳಲ್ಲಿ ಯಾಕೆ ಈ ಪದ್ಧತಿ, ಯಾಕೆ ಜನ ಕಡಿಮೆ ಅನ್ನುವುದನ್ನು ಬಿಡಿಸಿ ಬರೆದೆ. ನನ್ನವರೂ ತಮ್ಮ ಭಾಗ ಬರೆದು ಕಳಿಸಿದರು. ಏಜೆಂಟ್ ಉತ್ತರ: "ಸೂಪರ್ ಮೇಡಂ, ಇಷ್ಟು ಚೆನ್ನಾಗಿ ಯಾರೂ ಬರೆದು ಕೊಡಲ್ಲ."

ಆಮೇಲೆ ಸಹಿ ಇರುವ ಪುಟ ಮಾತ್ರ ಸ್ಕ್ಯಾನ್ ಮಾಡಿ ಕಳಿಸಲು ಹೇಳಿದ. ಪೂರ್ತಿ ಫಾರಂ ತೋರಿಸಿ ಎಂದು ಕೇಳಿದೆ. "ನೀವು ಬರೆದದ್ದೇ ಹೋಗೋದು ಮೇಡಂ, ಟೈಪ್ ಮಾಡ್ತಿದ್ದಾರೆ." ಮತ್ತೆ ಕೇಳಿದೆ. "ಅಪ್‌ಲೋಡ್ ಆದ ಮೇಲೆ ಕಾಪಿ ಬರುತ್ತೆ." ಅಪ್‌ಲೋಡ್ ಆಯಿತು, ಕಾಪಿ ಬರಲಿಲ್ಲ. ಮತ್ತೆ ಕೇಳಿದೆ. "ಪೋರ್ಟಲ್ ಲಾಕ್ ಆಗಿದೆ, ಈಗ ಯಾರಿಗೂ ತೆಗೆಯೋಕೆ ಆಗಲ್ಲ." ಇದು ಶುದ್ಧ ಸುಳ್ಳು. ಸಲ್ಲಿಸುವ ಮುಂಚೆ ತುಂಬಿದ ಈ ಫಾರಂ ಅವರ ಕಂಪ್ಯೂಟರಿನಲ್ಲೇ ಇರುತ್ತದೆ.

ಸರ್ಕಾರದ ಶುಲ್ಕ 1,205 ಡಾಲರ್ ಇತ್ತು, 2024ರ ಏಪ್ರಿಲ್ 30ರಿಂದ ಬಂದ ದರ ಅದು. ಬಯೋಮೆಟ್ರಿಕ್ಸಿಗೆ ಇನ್ನೂ 85. ಏಜೆಂಟ್ ತೆಗೆದುಕೊಂಡದ್ದು ಇದೆರಡೂ ಸೇರಿದರೂ ಆಗದಷ್ಟು ಜಾಸ್ತಿ.

ಮಧ್ಯದಲ್ಲಿ ಇನ್ನೊಂದು ನಡೆಯಿತು. ನಮ್ಮವರನ್ನು ಕರೆದು, ನಾಲ್ಕೈದು ಜೊತೆ ಬಟ್ಟೆ ತಂದು ಒಂದೇ ದಿನ ಬೇರೆ ಬೇರೆ ಕಡೆ ಫೋಟೋ ತೆಗೆಸಿಕೊಳ್ಳಿ, ನಿಮ್ಮ ಹೆಂಡತಿ ಊರಿಗೆ ಬಂದಾಗ ಮಾಡಿಬಿಡಿ ಎಂದನಂತೆ. ಆಗಲ್ಲ ಎಂದು ಇಬ್ಬರೂ ಖಡಾಖಂಡಿತ ಹೇಳಿದೆವು. ನಮ್ಮ ವಾಟ್ಸಾಪ್ ಮಾತುಕತೆ ಕೊಟ್ಟಾಗ, "ಇದೆಲ್ಲ ಕನ್ನಡದಲ್ಲಿದೆ, ಟ್ರಾನ್ಸ್‌ಲೇಷನ್ ಖರ್ಚು ಯಾಕೆ, ಇವತ್ತಿಂದ ದಿನಾ ಇಂಗ್ಲಿಷ್‌ನಲ್ಲಿ ಐ ಲವ್ ಯೂ, ಐ ಮಿಸ್ ಯೂ ಅಂತ ಹಾಕ್ತಾ ಬನ್ನಿ" ಎಂದ. ಅದಕ್ಕೂ ಒಪ್ಪಲಿಲ್ಲ. ನಾವು ಮಾತಾಡುವುದು ಅಡಿಕೆ ಕೊಯ್ಲಿನ ಬಗ್ಗೆ, ಮಾವನ ಬಿಪಿ ಮಾತ್ರೆ ಬಗ್ಗೆ, ಕರೆಂಟ್ ಹೋಗಿದ್ದರ ಬಗ್ಗೆ. ಗಂಡ ಹೆಂಡತಿ ಮಾತಾಡುವುದೇ ಹಾಗೆ. ನಿಜವಾದ ಸಾಕ್ಷಿ ಅದೇ. ಅದನ್ನೇ ಆತ ಫೈಲಿಗೆ ಹಾಕಲಿಲ್ಲ.

ಆಮೇಲೆ ಒಂದು ದಿನ ಮೆಸೇಜ್ ಬಂತು: "ಸಣ್ಣ ಕ್ವೆರಿ ಬಂದಿದೆ ಮೇಡಂ, ಇನ್ನೈದು ಫೋಟೋ ಕಳಿಸಿ." ಕ್ವೆರಿ ಏನು, ಕಾಗದ ತೋರಿಸಿ ಎಂದು ಪಟ್ಟು ಹಿಡಿದೆ. ಕೊನೆಗೆ ಕಳಿಸಿದ. ಅದು ಸಣ್ಣ ಕ್ವೆರಿ ಅಲ್ಲ. ಅದು ಪ್ರೊಸೀಜರಲ್ ಫೇರ್‌ನೆಸ್ ಲೆಟರ್. ನಿಮ್ಮ ಅರ್ಜಿ ತಿರಸ್ಕರಿಸುವ ಯೋಚನೆಯಲ್ಲಿದ್ದೇವೆ, ಅದಕ್ಕೆ ಮುಂಚೆ ಏನು ಹೇಳುತ್ತೀರಿ ಎಂದು ಕೇಳುವ ಕಾಗದ. ಉತ್ತರಕ್ಕೆ 30 ದಿನ ಕೊಟ್ಟಿದ್ದರು. ಅದು ನನ್ನ ಕೈ ಸೇರಿದಾಗ ಗಡುವಿಗೆ ವಾರವೂ ಉಳಿದಿರಲಿಲ್ಲ.

ಅದರಲ್ಲಿ ಬರೆದದ್ದು ಓದಿ ನನ್ನ ಕೈ ನಡುಗಿತು. ಕಲ್ಯಾಣ ಮಂಟಪದಲ್ಲಿ 350 ಜನರ ಆರತಕ್ಷತೆ ನಡೆಯಿತು ಎಂದು ಹೇಳಿದ್ದೀರಿ, ಫೋಟೋಗಳಲ್ಲಿ ಮನೆ ಅಂಗಳದಲ್ಲಿ ಕೆಲವೇ ಜನ ಕಾಣುತ್ತಾರೆ. ಶಾಸ್ತ್ರೋಕ್ತವಾಗಿ ಸಪ್ತಪದಿ ಆಯಿತು ಎಂದಿದ್ದೀರಿ, ಅದರ ಒಂದು ಫೋಟೋ ಇಲ್ಲ. ಮದುವೆಯ ನಂತರ ಮುನ್ನಾರಿಗೆ ಹೋದೆವು ಎಂದಿದ್ದೀರಿ, ಟಿಕೆಟ್ ಇಲ್ಲ, ಹೋಟೆಲ್ ರಸೀದಿ ಇಲ್ಲ. ಇಬ್ಬರ ನಡುವೆ ಮಾತುಕತೆ ಇದೆ ಅನ್ನುವುದಕ್ಕೆ ಪುರಾವೆ ಬಹಳ ಕಡಿಮೆ ಇದೆ.

ಆರತಕ್ಷತೆ! ಸಪ್ತಪದಿ! ನಾನು ಮುನ್ನಾರ್ ನೋಡಿದವಳೇ ಅಲ್ಲ!

ಫೋನ್ ಮಾಡಿ, ಈಗಿಂದೀಗಲೇ ಪೂರ್ತಿ ಫೈಲ್ ಕಳಿಸದಿದ್ದರೆ ನಮ್ಮವರು ನಿಮ್ಮ ಆಫೀಸಿಗೆ ಬಂದು ಕೂರುತ್ತಾರೆ ಎಂದೆ. "ಅದು ನಮ್ಮ ಆಫೀಸ್ ಪ್ರಾಪರ್ಟಿ ಮೇಡಂ." ನನ್ನ ಮದುವೆಯ ಕಾಗದ ಅವರ ಆಫೀಸಿನ ಆಸ್ತಿಯಂತೆ. ನಮ್ಮವರು ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೋಗಿ ಬೆಳಿಗ್ಗೆ ಅವರ ಬಾಗಿಲಲ್ಲಿ ನಿಂತ ಮೇಲೆ ಫೈಲ್ ಬಂತು.

ನಾನು ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ. ಒಂದು ಸಾಲೂ ಇರಲಿಲ್ಲ. ಬೆಂಗಳೂರಿನ ಕಾಫಿ ಶಾಪಿನಲ್ಲಿ ಮೊದಲ ಭೇಟಿ, ನೋಡಿದ ಕೂಡಲೇ ಮನಸ್ಸು ಸೋತದ್ದು, ದೊಡ್ಡ ಮಂಟಪ, ಮುನ್ನಾರ್. ಮೂರನೇ ಪುಟಕ್ಕೆ ಬಂದಾಗ ನನ್ನ ಗಂಡನ ಹೆಸರಿರಬೇಕಾದ ಜಾಗದಲ್ಲಿ ಬೇರೆ ಯಾರದೋ ಹೆಸರಿತ್ತು. ಬೇರೆ ಹೆಣ್ಣುಮಗಳೊಬ್ಬಳ ಗಂಡನ ಹೆಸರು. ಅವರ ಮದುವೆಯ ಕಥೆಯನ್ನೇ ಎತ್ತಿ ನನ್ನ ಫೈಲಿಗೆ ಹಾಕಿ, ಹೆಸರು ಬದಲಾಯಿಸುವಾಗ ಒಂದು ಕಡೆ ಬಿಟ್ಟುಬಿಟ್ಟಿದ್ದಾರೆ. ಕೆಳಗೆ ನನ್ನ ಸಹಿ. ಆ ಪುಟದ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಸಿಟ್ಟಿಗಿಂತ ಮೊದಲು ಬಂದದ್ದು ಅವಮಾನ. ಒಬ್ಬ ಅಧಿಕಾರಿ ಇದನ್ನು ಓದಿದ್ದಾರೆ. ಇವಳಿಗೆ ತನ್ನ ಗಂಡನ ಹೆಸರೂ ಗೊತ್ತಿಲ್ಲ ಎಂದುಕೊಂಡಿರುತ್ತಾರೆ.

ಏಜೆಂಟನ ಉತ್ತರಗಳನ್ನು ಇದ್ದದ್ದು ಇದ್ದ ಹಾಗೆ ಹಾಕುತ್ತೇನೆ, ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

"ಅದು ಟೈಪಿಂಗ್ ಮಿಸ್ಟೇಕ್ ಮೇಡಂ."

"ನಿಮ್ಮ ಒರಿಜಿನಲ್ ಹಾಕಿದ್ರೆ ಡೈರೆಕ್ಟ್ ರಿಜೆಕ್ಟ್ ಆಗ್ತಿತ್ತು. ನಿಮ್ಮ ಒಳ್ಳೇದಕ್ಕೇ ಮಾಡಿದ್ದು."

"ಸಹಿ ನಿಮ್ಮದೇ ಇದೆಯಲ್ಲ. ನಾವು ಅದರಲ್ಲಿ ಎಲ್ಲೂ ಇಲ್ಲ."

"ಈ ಲೆಟರ್‌ಗೆ ರಿಪ್ಲೈ ಮಾಡೋದು ಸೆಪರೇಟ್ ಸರ್ವಿಸ್. ಇನ್ನೊಂದು ಸಾವಿರ ಡಾಲರ್ ಆಗುತ್ತೆ."

ಮೂರನೆಯದನ್ನು ಮತ್ತೊಮ್ಮೆ ಓದಿ. ನಾವು ಅದರಲ್ಲಿ ಎಲ್ಲೂ ಇಲ್ಲ. ಅದರ ಅರ್ಥ ಆಮೇಲೆ ತಿಳಿಯಿತು. ಅರ್ಜಿಯಲ್ಲಿ ಪ್ರತಿನಿಧಿ ಇದ್ದಾರಾ ಅಂತ ಕೇಳುವ ಕಡೆ 'ಇಲ್ಲ' ಎಂದು ಹಾಕಿದ್ದಾರೆ. ಪ್ರತಿನಿಧಿಗೆ ಅಂತಲೇ ಇರುವ ಐಎಂಎಂ 5476 ಫಾರಂ ಕೊಟ್ಟೇ ಇಲ್ಲ. ಖಾತೆ ನಮ್ಮ ಹೆಸರಿನಲ್ಲಿದೆ, ಇಮೇಲ್ ಮಾತ್ರ ಅವರೇ ಮಾಡಿಕೊಂಡದ್ದು. ಅದಕ್ಕೇ ಸರ್ಕಾರದ ಕಾಗದವೆಲ್ಲ ಅವರಿಗೆ ಹೋಗುತ್ತಿತ್ತು, ನಮಗೆ ಬರುತ್ತಿರಲಿಲ್ಲ. ಕೆನಡಾ ಸರ್ಕಾರದ ದೃಷ್ಟಿಯಲ್ಲಿ ಆ ಸುಳ್ಳನ್ನೆಲ್ಲ ಬರೆದವರು ನಾವೇ. ದುಡ್ಡು ತೆಗೆದುಕೊಂಡು ಈ ಕೆಲಸ ಮಾಡಲು ಅಲ್ಲಿನ ವಕೀಲರಿಗೆ, ಲೈಸೆನ್ಸ್ ಇರುವ ವಲಸೆ ಸಲಹೆಗಾರರಾದ ಆರ್‌ಸಿಐಸಿ ಕನ್ಸಲ್ಟೆಂಟುಗಳಿಗೆ, ಹೀಗೆ ಕೆಲವರಿಗೆ ಮಾತ್ರ ಹಕ್ಕಿದೆ. ಏಜೆಂಟ್ ಕೊಟ್ಟಿದ್ದ ಲೈಸೆನ್ಸ್ ನಂಬರು ಅಸಲಿಯೇ, ಆದರೆ ಅದು ಬೇರೆ ಪ್ರಾಂತದ ಬೇರೊಬ್ಬರದು. ಅವರಿಗೆ ಇವನು ಯಾರೆಂದೇ ಗೊತ್ತಿಲ್ಲ. ನಾನೇ ಫೋನ್ ಮಾಡಿ ಕೇಳಿದೆ.

ತಿರಸ್ಕಾರ ಒಂದು ಕಡೆ. ತಪ್ಪು ಮಾಹಿತಿ ಕೊಟ್ಟರು ಎಂದು ತೀರ್ಮಾನವಾದರೆ ನಮ್ಮವರಿಗೆ 5 ವರ್ಷ ಕೆನಡಾದ ಬಾಗಿಲೇ ಮುಚ್ಚುತ್ತದೆ. ಏಜೆಂಟ್ ಬರೆದದ್ದು ಎಂದ ಮಾತ್ರಕ್ಕೆ ಬಿಡುವುದಿಲ್ಲ, ಅರ್ಜಿಯಲ್ಲಿರುವುದಕ್ಕೆ ಅರ್ಜಿದಾರರೇ ಹೊಣೆ ಎಂದು ಟೊರಾಂಟೊದ ವಕೀಲರು ಮೊದಲೇ ಹೇಳಿದರು.

ಆ ವಕೀಲರು ಸಮಯ ಕೇಳಿ, ಎಲ್ಲವನ್ನೂ ಬಿಚ್ಚಿ ಬರೆದರು. ನಾನು ಮೊದಲು ಬರೆದ ಕಥೆ, ಅದನ್ನು ಏಜೆಂಟಿಗೆ ಕಳಿಸಿದ ತಾರೀಖು ಸಮೇತ ಹಾಕಿದರು. ನೋಂದಣಿ ಪತ್ರ, ಪ್ರಮಾಣ ಓದುತ್ತಿರುವ ಫೋಟೋ, ನನ್ನ ವಿಮಾನದ ಟಿಕೆಟ್ಟು, ಕೆಲಸದ ಕಡೆ ವಿಮೆಯಲ್ಲಿ ಗಂಡನನ್ನು ನಾಮಿನಿ ಮಾಡಿದ ಕಾಗದ, ಕನ್ನಡದ ವಾಟ್ಸಾಪ್ ಪುಟಗಳನ್ನು ಅನುವಾದದ ಜೊತೆಗೆ ಹಾಕಿದರು. ಆ ಪುಟಗಳು 10ಕ್ಕಿಂತ, ಫೋಟೋ 20ಕ್ಕಿಂತ ಜಾಸ್ತಿ ಇರಬಾರದು ಎಂದು ವಲಸೆ ಇಲಾಖೆಯ ಚೆಕ್‌ಲಿಸ್ಟಿನಲ್ಲೇ ಇದೆ. ಗುಡ್ಡೆ ಹಾಕಿದರೆ ಪ್ರಯೋಜನವಿಲ್ಲ, ಬೇರೆ ಬೇರೆ ಸಮಯದ್ದು ಆರಿಸಿ ಹಾಕಬೇಕು.

ನನ್ನ ಮಾವ ಸಾಗರದಲ್ಲಿ ನೋಟರಿಯ ಮುಂದೆ ನಿಂತು, ನನ್ನ ಮಗನ ಮದುವೆ ನಿಜ, ನಾನೇ ಮುಂದೆ ನಿಂತು ಮಾಡಿಸಿದ್ದು ಎಂದು ಅಫಿಡವಿಟ್ ಮಾಡಿಸಿಕೊಂಡು ಬಂದರು. ಊರಿನಲ್ಲಿ ಯಾರಿಗೂ ತಲೆತಗ್ಗಿಸದ ಮನುಷ್ಯ. ಇದನ್ನು ಮಾತ್ರ ನಾನು ಆ ಏಜೆಂಟನಿಗೆ ಯಾವತ್ತೂ ಕ್ಷಮಿಸುವುದಿಲ್ಲ.

ತೀರ್ಮಾನ ಇನ್ನೂ ಬಂದಿಲ್ಲ. ಬೇಡ ಎಂದರೆ 30 ದಿನದೊಳಗೆ ವಲಸೆ ಮೇಲ್ಮನವಿ ಕೇಳುವ ಇಮಿಗ್ರೇಷನ್ ಅಪೀಲ್ ಡಿವಿಷನ್ನಿಗೆ ಹೋಗಬಹುದು, ಅಪೀಲು ಹಾಕಬೇಕಾದವರು ಸ್ಪಾನ್ಸರ್, ಅಂದರೆ ಗಂಡನನ್ನು ಕರೆಸಿಕೊಳ್ಳುತ್ತಿರುವ ನಾನು. ಹೋಗುತ್ತೇನೆ.

ನೀವು ಇಷ್ಟು ಮಾಡಿ. ಖಾತೆಯ ಇಮೇಲ್ ನಿಮ್ಮದೇ ಇರಲಿ. ಪೂರ್ತಿ ಫಾರಂ ನೋಡದೆ ಸಹಿಯ ಪುಟ ಬಿಡಿಯಾಗಿ ಕೊಡಬೇಡಿ. ಲೈಸೆನ್ಸ್ ನಂಬರನ್ನು ಅದನ್ನು ಕೊಡುವ ಸಂಸ್ಥೆಯಾದ ಕಾಲೇಜ್ ಆಫ್ ಇಮಿಗ್ರೇಷನ್ ಅಂಡ್ ಸಿಟಿಜನ್‌ಶಿಪ್ ಕನ್ಸಲ್ಟೆಂಟ್ಸ್‌ನ ಪಟ್ಟಿಯಲ್ಲಿ ನೋಡಿ, ಅಲ್ಲಿರುವ ಫೋನಿಗೇ ಮಾಡಿ ಮಾತಾಡಿ. ಈಗಾಗಲೇ ಸಲ್ಲಿಸಿದ್ದರೆ, 5 ಡಾಲರ್ ಕಟ್ಟಿ ಕೆನಡಾದ ಮಾಹಿತಿ ಹಕ್ಕಿನ ಕಾಯ್ದೆಯಾದ ಆಕ್ಸೆಸ್ ಟು ಇನ್ಫರ್ಮೇಷನ್‌ನಲ್ಲಿ ನಿಮ್ಮ ಫೈಲಿನ ನೋಟ್ಸ್ ಕೇಳಬಹುದು. ಮದುವೆ ಚಿಕ್ಕದಾಗಿದ್ದರೆ ಚಿಕ್ಕದು ಅಂತಲೇ ಬರೆಯಿರಿ, ಯಾಕೆ ಅಂತ ಎರಡು ಮಾತು ಸೇರಿಸಿ.

ಇನ್ನೊಂದು ಮಾತು ಉಳಿದಿದೆ. ನನ್ನ ಫೈಲಿನಲ್ಲಿ ಯಾರ ಕಥೆ ಬಂದು ಕೂತಿದೆಯೋ ಆ ದಂಪತಿಯನ್ನು ಹುಡುಕುತ್ತಿದ್ದೇನೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೀವು ಬೆಂಗಳೂರಿನ ಏಜೆಂಟ್ ಮೂಲಕ ಕೆನಡಾ ಅರ್ಜಿ ಹಾಕಿದ್ದು, ಕಾಫಿ ಶಾಪ್‌ನಲ್ಲಿ ಭೇಟಿಯಾಗಿ, ಮದುವೆಯಾಗಿ ಮುನ್ನಾರಿಗೆ ಹೋಗಿದ್ದರೆ ನನಗೆ ಮೆಸೇಜ್ ಮಾಡಿ. ನಿಮ್ಮ ಮನೆಯ ವಿಷಯ ಅಪರಿಚಿತರ ಕೈಗೆ ಹೋಗಿದೆ, ಅದು ನಿಮಗೆ ಗೊತ್ತಾಗಬೇಕು. ಇಬ್ಬರೂ ಸೇರಿ ದೂರು ಕೊಟ್ಟರೆ ಪೊಲೀಸರಿಗೆ ಅದನ್ನು ಪಕ್ಕಕ್ಕಿಡಲು ಆಗುವುದಿಲ್ಲ.