ಮಕ್ಕಳ ಜೊತೆ ನೋಡೋಕೆ ಯಾವುದು: ಸಿಂಡ್ರೆಲಾನಾ, ಬ್ಯೂಟಿ ಅಂಡ್ ದ ಬೀಸ್ಟಾ?

ಎರಡೂ ಡಿಸ್ನಿಯವೇ. ತಮ್ಮದೇ ಹಳೆ ಕಾರ್ಟೂನ್ ಸಿನಿಮಾಗಳನ್ನು ನಟರನ್ನಿಟ್ಟು ಮತ್ತೆ ತೆಗೆದಿದ್ದಾರೆ. ಆದರೂ ಒಂದೇ ಮಗುವಿಗೆ ಎರಡೂ ಹೊಂದುತ್ತವೆ ಅನ್ನೋಕಾಗಲ್ಲ.

2015ರ ಸಿಂಡ್ರೆಲಾ 105 ನಿಮಿಷ. 2017ರ ಬ್ಯೂಟಿ 129 ನಿಮಿಷ. ಐದು ವರ್ಷದವರಿಗೆ ಆ 24 ನಿಮಿಷವೇ ಜಾಸ್ತಿ, ಅಲ್ವಾ?

ಹೆದರಿಕೆಯ ಮಾತಿಗೆ ಬಂದರೆ, ಬ್ಯೂಟಿಯಲ್ಲಿ ತೋಳಗಳು ಮೈಮೇಲೆ ಬೀಳುತ್ತವೆ, ಬೀಸ್ಟ್ ಗುಡುಗುತ್ತಾನೆ, ಕೊನೆಯಲ್ಲಿ ಗುಂಡೂ ಹಾರುತ್ತದೆ. ಪುಕ್ಕಲು ಮಕ್ಕಳಿಗೆ ಸಿಂಡ್ರೆಲಾ ವಾಸಿ. ಆದರೆ ಅದರಲ್ಲಿ ಅಮ್ಮ ತೀರಿಕೊಳ್ಳುತ್ತಾಳೆ, ಆಮೇಲೆ ಅಪ್ಪನೂ. ಮನೆಯಲ್ಲಿ ಈಚೆಗೆ ಸಾವಾಗಿದ್ದರೆ ಸದ್ಯಕ್ಕೆ ಬೇಡ.

ಮ್ಯಾಜಿಕ್ ನೋಡಬೇಕು ಅನ್ನುವವರಿಗೂ ಸಿಂಡ್ರೆಲಾನೇ. ಗಾಜಿನ ಮನೆಯೊಳಗೆ ಕುಂಬಳಕಾಯಿ ಉಬ್ಬಿ ಉಬ್ಬಿ, ಗಾಜು ಒಡೆದುಕೊಂಡು ಚಿನ್ನದ ಸಾರೋಟಾಗುತ್ತದೆ. ಹಲ್ಲಿಗಳು ಆಳುಗಳಾಗುತ್ತವೆ, ಹೆಬ್ಬಾತು ಗಾಡಿ ಹೊಡೆಯುತ್ತದೆ. ಹನ್ನೆರಡು ಹೊಡೆದ ಮೇಲೆ ಓಡುತ್ತಿರುವ ಗಾಡಿಯಲ್ಲೇ ಎಲ್ಲ ಉಲ್ಟಾ! ಈ ಭಾಗ ದೊಡ್ಡವರಿಗೂ ಮಜಾ. ಮಲತಾಯಿಯಾಗಿ ಕೇಟ್ ಬ್ಲಾಂಚೆಟ್ ಇರೋದು ಇನ್ನೊಂದು ಲಾಭ.

ಹಾಡು, ಕುಣಿತ ಇಲ್ಲದೆ ಕೂರದ ಮಕ್ಕಳಿದ್ದರೆ ಮಾತ್ರ ಲೆಕ್ಕ ತಿರುಗುತ್ತದೆ. ಬ್ಯೂಟಿ ಪೂರ್ತಿ ಹಾಡುಗಳ ಸಿನಿಮಾ. ಪಾತ್ರೆ, ಮೇಣದಬತ್ತಿ, ಗಡಿಯಾರ ಎಲ್ಲಕ್ಕೂ ಬಾಯಿ ಬಂದಿದೆ. ಎಮ್ಮಾ ವಾಟ್ಸನ್ ಮಾಡಿರುವ ನಾಯಕಿ ಬೆಲ್ ಪುಸ್ತಕದ ಹುಚ್ಚಿ, ಹಾಗಾಗಿ ಓದುವ ಎಂಟು-ಹತ್ತು ವರ್ಷದವರಿಗೆ ಬೇಗ ಹಿಡಿಸುತ್ತಾಳೆ. 1991ರ ಕಾರ್ಟೂನ್ ಬಾಯಿಪಾಠ ಆಗಿದ್ದರೆ ಕಥೆಯಲ್ಲಿ ಹೊಸದು ಸ್ವಲ್ಪವೇ ಸಿಗುತ್ತದೆ.