ವಿಂಡೋಸ್‌ನ ಬಿಟ್ಟಿ ಪಿಡಿಎಫ್: ಅಕ್ಷರಕ್ಕೆ ಸೈ, ಬಣ್ಣಕ್ಕೆ ಸೋಲು

ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ನನ್ನದೊಂದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಕರಪತ್ರ, ಅಪರೂಪಕ್ಕೆ ಯಾರದೋ ಕವನ ಸಂಕಲನ. ವಿನ್ಯಾಸ ನನ್ನದು, ಅಚ್ಚು ಬೇರೆಯವರ ಆಫ್‌ಸೆಟ್ ಪ್ರೆಸ್ಸಿನದು. ‘ಪಿಡಿಎಫ್ ಮಾಡಲು ಯಾವ ಸಾಫ್ಟ್‌ವೇರ್ ಕೊಳ್ಳಬೇಕು?’ ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಕಂಪ್ಯೂಟರಿನಲ್ಲೇ ಇರುವುದನ್ನು ಬಳಸಿ ನೋಡಿ.

2015ರಲ್ಲಿ ವಿಂಡೋಸ್ 10ರ ಜೊತೆಗೇ ಬಂದ ‘ಮೈಕ್ರೋಸಾಫ್ಟ್ ಪ್ರಿಂಟ್ ಟು ಪಿಡಿಎಫ್’ ಪ್ರಿಂಟರ್‌ಗಳ ಪಟ್ಟಿಯಲ್ಲಿ ಸುಮ್ಮನೆ ಕುಳಿತಿರುತ್ತದೆ. ಅದನ್ನು ಆರಿಸಿ ಪ್ರಿಂಟ್ ಕೊಟ್ಟರೆ ಕಾಗದದ ಬದಲು ಪಿಡಿಎಫ್ ಫೈಲ್ ಸಿಗುತ್ತದೆ. ಹಣವಿಲ್ಲ, ಜಾಹೀರಾತಿಲ್ಲ, ಪುಟದ ಮೇಲೆ ಕಂಪನಿಯ ಮುದ್ರೆಯಿಲ್ಲ, ಇಂಟರ್ನೆಟ್ಟೂ ಬೇಡ.

ಅಕ್ಷರದ ವಿಷಯದಲ್ಲಿ ನಾನು ಇದರ ಅಭಿಮಾನಿ. ನಮ್ಮೂರಿನ ಲಗ್ನಪತ್ರಿಕೆಯಲ್ಲಿ ಒಂದು ಬದಿ ಕನ್ನಡ, ಇನ್ನೊಂದು ಬದಿ ಉರ್ದುವೋ ಮರಾಠಿಯೋ ಇರುವುದು ಸಾಮಾನ್ಯ. ವರ್ಡ್ ಫೈಲನ್ನೇ ಕಳುಹಿಸಿದರೆ, ಆ ಕಡೆಯ ಕಂಪ್ಯೂಟರಿನಲ್ಲಿ ಫಾಂಟ್ ಇಲ್ಲದಿದ್ದಾಗ ಹಳೆಯ ‘ನುಡಿ’ ಫಾಂಟಿನ ಕನ್ನಡ ಇಂಗ್ಲಿಷ್ ಅಕ್ಷರಗಳ ರಾಶಿಯಾಗುತ್ತದೆ. ಉರ್ದುವಿನ ಇಳಿಜಾರು ನಸ್ತಾಲೀಖ್ ಮಾಯವಾಗಿ ಬೇರಾವುದೋ ಲಿಪಿಶೈಲಿ ಬಂದು ಕೂರುತ್ತದೆ. ಇದು ಮಾಡುವ ಪಿಡಿಎಫ್‌ನಲ್ಲಿ ಫಾಂಟ್ ಫೈಲಿನೊಳಗೇ ಸೇರಿರುತ್ತದೆ. ನಂಬಿಕೆ ಬರದಿದ್ದರೆ ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಮತ್ತು ಡಿ ಒತ್ತಿ, ಫಾಂಟ್ಸ್ ವಿಭಾಗದಲ್ಲಿ ಪ್ರತಿ ಹೆಸರಿನ ಮುಂದೆ ‘ಎಂಬೆಡೆಡ್ ಸಬ್‌ಸೆಟ್’ ಎಂದಿದೆಯೇ ನೋಡಿಕೊಳ್ಳಿ. ಆ ಪಿಡಿಎಫ್‌ನಿಂದ ಕನ್ನಡವನ್ನು ನಕಲು ಮಾಡಿದರೆ ಅಕ್ಷರ ಕಲಸಿಹೋಗುವುದುಂಟು. ಪ್ರೆಸ್ಸಿನವರಿಗೆ ಅದರ ಗೊಡವೆಯಿಲ್ಲ.

ಕಾಗದದ ಅಳತೆ ಎ4 ಎಂದಿದೆಯೋ, ಅಮೆರಿಕದ ಲೆಟರ್ ಎಂದಿದೆಯೋ ಎಂದು ಮಾತ್ರ ಪ್ರತಿ ಸಲವೂ ನೋಡಬೇಕು.

ಬಣ್ಣಕ್ಕೆ ಬಂದರೆ ಕಥೆ ಬೇರೆ. ಈ ಉಪಕರಣ ಕೊಡುವುದು ಪರದೆಯ ಮೂರು ಬಣ್ಣಗಳ (ಕೆಂಪು, ಹಸಿರು, ನೀಲಿ) ಲೆಕ್ಕ. ಆಫ್‌ಸೆಟ್‌ಗೆ ಬೇಕಾದದ್ದು ನಾಲ್ಕು ಶಾಯಿಗಳದ್ದು (ಸಯಾನ್, ಮಜೆಂಟಾ, ಹಳದಿ, ಕಪ್ಪು). ಅಲ್ಲಿ ಪರಿವರ್ತನೆಯಾಗುವಾಗ ಕಪ್ಪು ಅಕ್ಷರ ನಾಲ್ಕೂ ಶಾಯಿಗಳ ಮಿಶ್ರಣವಾಗಬಹುದು. ಒಂದೊಂದು ಶಾಯಿಗೂ ಬೇರೆಯಾಗಿರುವ ಅಚ್ಚಿನ ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಸಾಕು, ‘ಸ್ತ್ರೀ’ಯ ಒತ್ತುಗಳ ಸುತ್ತ ಬಣ್ಣದ ನೆರಳು. ಒಂದೇ ಬಣ್ಣದ ಕೆಲಸವಾದರೆ ‘ಬರೀ ಕಪ್ಪು ಪ್ಲೇಟ್’ ಎಂದು ಪ್ರೆಸ್ಸಿನವರಿಗೆ ಬರೆದು ಕೊಡುತ್ತೇನೆ. ಬಹುವರ್ಣದ ಲಗ್ನಪತ್ರಿಕೆಗೆ, ಅದರಲ್ಲೂ ಪ್ರೆಸ್ಸಿನವರು ಪಿಡಿಎಫ್/ಎಕ್ಸ್-1ಎ (ಅಚ್ಚಿಗೆಂದೇ ಇರುವ ಪಿಡಿಎಫ್ ಮಾನದಂಡ) ಕೇಳಿದರೆ, ಇದನ್ನು ಮುಟ್ಟುವುದೇ ಇಲ್ಲ. ಉಚಿತವಾಗಿಯೇ ಸಿಗುವ ಪುಟವಿನ್ಯಾಸದ ಸಾಫ್ಟ್‌ವೇರ್ ಸ್ಕ್ರೈಬಸ್ 1.6 ತೆರೆಯುತ್ತೇನೆ.

ಅಂಚಿಗೆ ಹೆಚ್ಚುವರಿ ಜಾಗ ಬಿಡಲು ಬೇಕಾದ ಕಾಗದದ ಅಳತೆ ಇದರಲ್ಲಿ ಸಿಗದ ಕೊರತೆಗೆ ಮಾತ್ರ ಉಪಾಯವಿದೆ. ಎ5 ಕರಪತ್ರ 148×210 ಮಿ.ಮೀ. ಹಿನ್ನೆಲೆಯ ಬಣ್ಣ ಅಂಚಿನವರೆಗೂ ಇದ್ದರೆ ಕಟಿಂಗ್‌ಗೆಂದು ಸುತ್ತ 3 ಮಿ.ಮೀ. ಬ್ಲೀಡ್ (ಕತ್ತರಿಸಿ ಹೋಗುವ ಹೆಚ್ಚುವರಿ ಬಣ್ಣದ ಅಂಚು) ಬಿಡಬೇಕು, ಅಂದರೆ 154×216. ಆ ಅಳತೆ ಇದರ ಕಾಗದಗಳ ಪಟ್ಟಿಯಲ್ಲಿ ಇಲ್ಲ. ಎ4 ಹಾಳೆಯ ನಡುವೆ ಅದನ್ನಿಟ್ಟು, ಮೂಲೆಗಳಲ್ಲಿ ಕತ್ತರಿಸುವ ಗೆರೆಗಳನ್ನು ನಾನೇ ಎಳೆಯುತ್ತೇನೆ. ‘ಫಿಟ್’ ಆಯ್ಕೆಯನ್ನು ತೆಗೆದು ನೂರಕ್ಕೆ ನೂರು ಅಳತೆಯಲ್ಲೇ ಪ್ರಿಂಟ್ ಕೊಡಬೇಕು.

ಮ್ಯಾಕ್ ಇರುವವರಿಗೆ ಈ ಸರ್ಕಸ್ ಬೇಡ. ಅಲ್ಲಿ ಬೇಕಾದ ಅಳತೆಯ ಕಾಗದವನ್ನು ನಾವೇ ಸೃಷ್ಟಿಸಿ, ಪ್ರಿಂಟ್ ಕಿಟಕಿಯಿಂದಲೇ ಪಿಡಿಎಫ್ ಉಳಿಸಬಹುದು.